ಸೀಸನ್ ನಡುವೆ ತಂಡವನ್ನು ತಿದ್ದುವ ಕೆಲಸ

ಲೀಗ್‌ನ ಮೊದಲ ಸುತ್ತು ಮುಗಿದು ಎರಡನೆಯ ಸುತ್ತು ಆರಂಭವಾಗುವುದಕ್ಕೆ ಮುನ್ನ ಸಿಕ್ಕ ಬಿಡುವಿನಲ್ಲಿ, ನಮ್ಮ ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ತರಬೇತುದಾರರು ಸಹಾಯಕ ತರಬೇತುದಾರಳಾದ ನನಗೆ ಒಂದು ಹೊಣೆ ಒಪ್ಪಿಸಿದರು. ತಂಡ ಎಲ್ಲೆಲ್ಲಿ ಸುಧಾರಿಸಬೇಕು ಎಂಬುದನ್ನು ಗುರುತಿಸಿ, ಉಳಿದ ಪಂದ್ಯಗಳ ಅವಧಿಯಲ್ಲೇ ತಿದ್ದಬಹುದಾದದ್ದು ಯಾವುದು, ಸೀಸನ್ ಮುಗಿಯುವವರೆಗೆ ಕಾಯಬೇಕಾದದ್ದು ಯಾವುದು ಎಂದು ಬೇರ್ಪಡಿಸಿ ಕೊಡಬೇಕಿತ್ತು. ಗೆಲುವು ಸೋಲುಗಳು ಹೆಚ್ಚುಕಡಿಮೆ ಸಮನಾಗಿದ್ದವು. ತಂಡ ಕೆಟ್ಟದಾಗಿ ಆಡುತ್ತಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಆದರೆ ಗೆಲ್ಲಬಹುದಾಗಿದ್ದ ಪಂದ್ಯಗಳನ್ನು ಮೂರನೆಯ ಕ್ವಾರ್ಟರ್‌ನಲ್ಲೇ ಕೈಬಿಡುತ್ತಿದ್ದೇವೆ ಎಂಬ ಅಸಮಾಧಾನ ಎಲ್ಲರಲ್ಲೂ ಇತ್ತು.

ಸೀಸನ್‌ಗೆ ಮುಂಚಿನ ತಿಂಗಳುಗಳಲ್ಲಿ ಮಾಡುವ ತಯಾರಿಗೂ ಸೀಸನ್ ನಡುವಿನ ತಿದ್ದುಪಡಿಗೂ ಇರುವ ಅಂತರ ದೊಡ್ಡದು. ಮೊದಲಿನದರಲ್ಲಿ ಆಟಗಾರ್ತಿಯ ಶಾಟ್‌ನ ಶೈಲಿಯನ್ನೇ ಬಿಚ್ಚಿ ಮತ್ತೆ ಕಟ್ಟಬಹುದು, ತೋಳು ತೊಡೆಗಳಿಗೆ ಬಲ ತುಂಬಬಹುದು, ಹೊಸ ಆಕ್ರಮಣ ಪದ್ಧತಿಯೊಂದನ್ನು ನಿಧಾನವಾಗಿ ರೂಢಿಸಬಹುದು. ಎರಡನೆಯದರಲ್ಲಿ ಅಭ್ಯಾಸಕ್ಕೆ ಸಿಗುವ ಗಂಟೆಗಳು ಕಡಿಮೆ, ದೇಹ ಆಗಲೇ ದಣಿದಿರುತ್ತದೆ, ತರಗತಿ ಮತ್ತು ಪರೀಕ್ಷೆಗಳು ಜೊತೆಗಿರುತ್ತವೆ, ಮುಂದಿನ ಎದುರಾಳಿಗಾಗಿ ಪ್ರತ್ಯೇಕ ತಯಾರಿಯೂ ಬೇಕಾಗುತ್ತದೆ. ಹೀಗಾಗಿ ದೋಷಗಳ ಪಟ್ಟಿ ಮಾಡುವುದಕ್ಕಿಂತ, ಯಾವ ದೋಷವನ್ನು ಮುಟ್ಟಿದರೆ ಅದರ ಹಿಂದೆಯೇ ಇನ್ನೆರಡು ತಾವಾಗಿ ಸಡಿಲವಾಗುತ್ತವೆ ಎಂದು ಕಂಡುಹಿಡಿಯುವುದು ಮುಖ್ಯವೆಂದು ನಾನು ತೀರ್ಮಾನಿಸಿಕೊಂಡೆ. ಮುಂದಿನ ಎಲ್ಲ ನಿರ್ಧಾರಗಳೂ ಈ ಒಂದು ಎಣಿಕೆಯಿಂದಲೇ ಹೊರಟವು.

ಮೊದಲು ಎಲ್ಲರ ಅಭಿಪ್ರಾಯ ಕೇಳಿದೆ. ಆಟಗಾರ್ತಿಯರೂ ತಂಡದ ಜೊತೆಗಿರುವ ಉಳಿದವರೂ ತಮಗೆ ಕಂಡ ಕೊರತೆಗಳನ್ನು ಬರೆದುಕೊಟ್ಟರು. ಬಹುತೇಕ ಎಲ್ಲ ಹಾಳೆಗಳ ಮೊದಲ ಸಾಲಿನಲ್ಲಿದ್ದದ್ದು ಶೂಟಿಂಗ್. ಹೊರಗಿನಿಂದ ಹೊಡೆದ ಚೆಂಡು ಬುಟ್ಟಿಗೆ ಬೀಳುತ್ತಿಲ್ಲ, ಬಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇದು ಸಹಜವೇ. ತಪ್ಪಿದ ಶಾಟ್ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದಕ್ಕೆ ಎಂಟು ಸೆಕೆಂಡ್ ಮುಂಚೆ ತಪ್ಪು ಜಾಗದಲ್ಲಿ ನಿಂತಿದ್ದ ಆಟಗಾರ್ತಿ ಯಾರಿಗೂ ಕಾಣುವುದಿಲ್ಲ.

ಆ ಹಾಳೆಗಳನ್ನು ಪಕ್ಕಕ್ಕಿಟ್ಟು ಪಂದ್ಯಗಳ ವಿಡಿಯೋ ನೋಡಲು ಕುಳಿತೆ. ಪಂದ್ಯವನ್ನು ಆರಂಭದಿಂದ ಕೊನೆಯವರೆಗೆ ಕಥೆಯಂತೆ ನೋಡದೆ, ಒಂದೊಂದು ಪೊಸೆಷನ್ ಅನ್ನೂ, ಅಂದರೆ ಚೆಂಡು ನಮ್ಮ ಕೈಗೆ ಬಂದಾಗಿನಿಂದ ಎದುರಾಳಿಯ ಕೈಸೇರುವವರೆಗಿನ ಅವಧಿಯನ್ನು ಬೇರೆಬೇರೆಯಾಗಿ ನಿಲ್ಲಿಸಿ ನೋಡುವುದು ನನ್ನ ಕ್ರಮವಾಗಿತ್ತು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತರಬೇತುದಾರರಾಗಿದ್ದ ಡೀನ್ ಸ್ಮಿತ್ ದಶಕಗಳ ಹಿಂದೆಯೇ ಪಂದ್ಯದ ಒಟ್ಟು ಅಂಕಗಳ ಬದಲು ಪ್ರತಿ ಪೊಸೆಷನ್‌ಗೆ ಬಂದ ಅಂಕಗಳನ್ನು ಲೆಕ್ಕ ಹಾಕುತ್ತಿದ್ದರು. ವೇಗವಾಗಿ ಆಡುವ ತಂಡ ಹೆಚ್ಚು ಅಂಕ ಗಳಿಸುತ್ತದೆ, ಹೆಚ್ಚು ಅಂಕ ಬಿಟ್ಟುಕೊಡುತ್ತದೆ. ಅದರ ಒಟ್ಟು ಅಂಕಗಳನ್ನಷ್ಟೇ ನೋಡಿದರೆ ಆಕ್ರಮಣ ಚೆನ್ನಾಗಿದೆ, ರಕ್ಷಣೆ ಕೆಟ್ಟಿದೆ ಎಂಬ ಸುಳ್ಳು ಚಿತ್ರ ಮೂಡುತ್ತದೆ. ಪೊಸೆಷನ್‌ಗಳಿಂದ ಭಾಗಿಸಿದಾಗ ಮಾತ್ರ ನಿಜ ಹೊರಬರುತ್ತದೆ.

ವಿಡಿಯೋ ಇಲ್ಲದಿದ್ದರೂ ಅಂಕಪಟ್ಟಿಯಿಂದಲೇ ಪೊಸೆಷನ್‌ಗಳನ್ನು ಅಂದಾಜು ಮಾಡಬಹುದು. ಹೊಡೆದ ಶಾಟ್‌ಗಳಿಂದ ಆಕ್ರಮಣದ ರಿಬೌಂಡ್‌ಗಳನ್ನು (ತಪ್ಪಿದ ತಮ್ಮದೇ ಶಾಟ್‌ನ ಚೆಂಡನ್ನು ಮರಳಿ ಹಿಡಿದದ್ದನ್ನು) ಕಳೆದು, ಟರ್ನ್‌ಓವರ್‌ಗಳನ್ನು (ಶಾಟ್ ಹೊಡೆಯದೆಯೇ ಚೆಂಡು ಕಳೆದುಕೊಂಡದ್ದನ್ನು) ಕೂಡಿಸಿ, ಫೌಲ್‌ಗೆ ಬದಲಾಗಿ ಸಿಗುವ ಅಡೆತಡೆಯಿಲ್ಲದ ಎಸೆತಗಳಾದ ಫ್ರೀ ಥ್ರೋಗಳ ಸಂಖ್ಯೆಯನ್ನು 0.44ರಿಂದ ಗುಣಿಸಿ ಸೇರಿಸಬೇಕು. ಒಂದು ತಂಡ 60 ಶಾಟ್ ಹೊಡೆದು, 10 ಆಕ್ರಮಣದ ರಿಬೌಂಡ್ ಪಡೆದು, 15 ಬಾರಿ ಚೆಂಡು ಕಳೆದುಕೊಂಡು, 20 ಫ್ರೀ ಥ್ರೋ ಎಸೆದಿದ್ದರೆ ಅದಕ್ಕೆ ಸುಮಾರು 74 ಪೊಸೆಷನ್ ಸಿಕ್ಕಿವೆ ಎಂದರ್ಥ. ಶೂಟಿಂಗ್ ಅಳೆಯುವಾಗಲೂ ಎಚ್ಚರ ಬೇಕು. 60ರಲ್ಲಿ 24 ಶಾಟ್ ಬಿದ್ದರೆ ಶೇ 40 ಎನ್ನುತ್ತೇವೆ, ಆದರೆ ಆ 24ರಲ್ಲಿ 6 ಮೂರಂಕದವಾಗಿದ್ದರೆ ಅವುಗಳ ಹೆಚ್ಚುವರಿ ಬೆಲೆಯನ್ನು ಸೇರಿಸಿ ಶೇ 45 ಎಂದು ಓದಬೇಕು. ವಿಶ್ಲೇಷಕ ಡೀನ್ ಆಲಿವರ್ ಗೆಲುವನ್ನು ನಿರ್ಧರಿಸುವ ನಾಲ್ಕು ಅಂಶಗಳನ್ನು ಹೆಸರಿಸಿದ್ದಾರೆ: ಹೀಗೆ ಸರಿಹೊಂದಿಸಿದ ಶೂಟಿಂಗ್, ಟರ್ನ್‌ಓವರ್, ರಿಬೌಂಡ್, ಫ್ರೀ ಥ್ರೋ. ಅವುಗಳಿಗೆ ಅವರು ಕೊಟ್ಟ ತೂಕ ಕ್ರಮವಾಗಿ ಸುಮಾರು ಶೇ 40, 25, 20 ಮತ್ತು 15. ಶೂಟಿಂಗ್‌ಗೇ ಹೆಚ್ಚಿನ ತೂಕವಿರುವುದರಿಂದ ಆಟಗಾರ್ತಿಯರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಶೂಟಿಂಗ್ ಏಕೆ ಕೆಟ್ಟಿದೆ ಎಂಬುದನ್ನು ಆ ಅಂಕಿಗಳು ಹೇಳುವುದಿಲ್ಲ. ಅದಕ್ಕೆ ವಿಡಿಯೋಗೇ ಮರಳಬೇಕಾಯಿತು.

ಅಲ್ಲಿ ಕಂಡದ್ದು ಇಷ್ಟು. ನಮ್ಮವರು ತಪ್ಪಿಸಿದ ಶಾಟ್‌ಗಳಲ್ಲಿ ಬಹಳಷ್ಟು ಶಾಟ್ ಕ್ಲಾಕ್‌ನ ಕೊನೆಯ ಐದಾರು ಸೆಕೆಂಡ್‌ಗಳಲ್ಲಿ, ಎದುರಾಳಿಯ ಕೈ ಮುಖದ ಮುಂದಿರುವಾಗ ಹೊಡೆದವಾಗಿದ್ದವು. ಯಾವ ತಂಡಕ್ಕೂ ಅಂಥ ಶಾಟ್‌ಗಳು ಹೆಚ್ಚು ಬೀಳುವುದಿಲ್ಲ. ಶಾಟ್ ಹೊಡೆಯಲು ಇರುವುದು 24 ಸೆಕೆಂಡ್; ಚೆಂಡನ್ನು ಮಧ್ಯರೇಖೆ ದಾಟಿಸಲು 8 ಸೆಕೆಂಡ್. ಎದುರಾಳಿ ಸ್ವಲ್ಪ ಒತ್ತಡ ಹಾಕಿದರೆ ಸಾಕು, ಆ 8 ಸೆಕೆಂಡ್‌ಗಳೂ ಖರ್ಚಾಗುತ್ತಿದ್ದವು. ಬಳಿಕ ಚೆಂಡನ್ನು ಮುಂದೆ ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್, ರೆಕ್ಕೆಯಲ್ಲಿ, ಅಂದರೆ ಅಂಕಣದ ಪಕ್ಕದ ಭಾಗದಲ್ಲಿ ಇರುವವಳಿಗೆ ಮೊದಲ ಪಾಸ್ ಕೊಡಲು ನೋಡಿದರೆ ಆಕೆಯ ಮುಂದೆ ರಕ್ಷಕಿ ಅಡ್ಡಗಟ್ಟಿ ನಿಂತಿರುತ್ತಿದ್ದಳು. ಮತ್ತೆ ನಾಲ್ಕೈದು ಸೆಕೆಂಡ್ ಡ್ರಿಬಲ್. ಆಕ್ರಮಣ ನಿಜಕ್ಕೂ ಶುರುವಾಗುವ ಹೊತ್ತಿಗೆ ಉಳಿಯುತ್ತಿದ್ದದ್ದು ಹತ್ತು ಸೆಕೆಂಡ್, ಅಷ್ಟರಲ್ಲಿ ರಕ್ಷಕಿಯ ದಾರಿಗೆ ಅಡ್ಡ ನಿಲ್ಲುವ ಒಂದು ಸ್ಕ್ರೀನ್, ಒಂದು ಆತುರದ ಶಾಟ್. ಕೈಯ ಕೋನ ತಿದ್ದಿದರೆ, ದಿನಕ್ಕೆ ನೂರಾರು ಶಾಟ್ ಅಭ್ಯಾಸ ಮಾಡಿಸಿದರೆ ಇದು ಗುಣವಾಗುವಂಥದ್ದಲ್ಲ ಎಂಬುದು ಸ್ಪಷ್ಟವಾಯಿತು. ಅದೇ ಆಟಗಾರ್ತಿಯರು ಶಾಟ್ ಕ್ಲಾಕ್‌ನ ಮೊದಲ ಅರ್ಧದಲ್ಲಿ, ಕಾಲು ನೆಲದ ಮೇಲೆ ಭದ್ರವಾಗಿ ಊರಿಕೊಂಡು ಹೊಡೆದ ಶಾಟ್‌ಗಳು ಸಾಕಷ್ಟು ಬಿದ್ದಿದ್ದವು.

ಟರ್ನ್‌ಓವರ್ ವಿಷಯಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ, ಕೊಟ್ಟದ್ದು ಸಾರ್ಥಕವೂ ಆಯಿತು. ಅಂಕಪಟ್ಟಿಯಲ್ಲಿ ಎಲ್ಲ ಟರ್ನ್‌ಓವರ್‌ಗಳೂ ಒಂದೇ. ಆಟದಲ್ಲಿ ಮಾತ್ರ ಅವು ಎರಡು ಜಾತಿಯವು. ಡ್ರಿಬಲ್ ಮಾಡದೆ ಹೆಜ್ಜೆ ಹಾಕಿ ಟ್ರಾವೆಲ್ ಆಗಿಯೋ, ಚೆಂಡು ಗೆರೆ ದಾಟಿಯೋ, ಸೆಕೆಂಡ್‌ಗಳು ಮುಗಿದೋ ಚೆಂಡು ಹೋದರೆ ಆಟ ನಿಲ್ಲುತ್ತದೆ. ನಮ್ಮ ಐವರೂ ಹಿಂದಿರುಗಿ ರಕ್ಷಣೆಗೆ ಸಜ್ಜಾಗಬಹುದು. ಪಾಸ್ ಅನ್ನು ಎದುರಾಳಿ ನಡುವೆಯೇ ಕಸಿದರೆ, ಡ್ರಿಬಲ್ ಮಾಡುವಾಗ ಚೆಂಡು ಕಿತ್ತುಕೊಂಡರೆ ಆಟ ನಿಲ್ಲುವುದಿಲ್ಲ. ನಮ್ಮವರೆಲ್ಲರ ಮುಖ ಇನ್ನೂ ಎದುರಾಳಿಯ ಬುಟ್ಟಿಯ ಕಡೆಗಿರುವಾಗಲೇ ಆಕೆ ಒಂಟಿಯಾಗಿ ಓಡಿ, ಬುಟ್ಟಿಯ ಹತ್ತಿರದಿಂದಲೇ ಹಾಕುವ ಲೇಅಪ್ ಮುಗಿಸಿರುತ್ತಾಳೆ. ಎರಡನೆಯ ಬಗೆಯದರ ಬೆಲೆ ನಮ್ಮ ಒಂದು ಅವಕಾಶ ಮಾತ್ರವಲ್ಲ, ಎದುರಾಳಿಗೆ ಸಿಕ್ಕ ಅತ್ಯಂತ ಸುಲಭದ ಎರಡು ಅಂಕವೂ ಹೌದು. ನಾವು ಮೂರನೆಯ ಕ್ವಾರ್ಟರ್‌ನಲ್ಲಿ ಕುಸಿಯುತ್ತಿದ್ದುದರ ಮೂಲವೂ ಇಲ್ಲೇ ಇತ್ತು. ವಿರಾಮದ ನಂತರ ಎದುರಾಳಿಗಳು ಒತ್ತಡ ಹೆಚ್ಚಿಸುತ್ತಿದ್ದರು, ನಾವು ರೆಕ್ಕೆಯ ಕಡೆಗೆ ಕೊಡುತ್ತಿದ್ದ ಮೊದಲ ಪಾಸ್ ಅವರ ಕೈಸೇರುತ್ತಿತ್ತು, ಅಲ್ಲಿಂದ ಸಾಲುಸಾಲಾಗಿ ಲೇಅಪ್‌ಗಳು.

ಅಂಕಪಟ್ಟಿಯಲ್ಲಿ ಇವೆಲ್ಲ ಪಾಯಿಂಟ್ ಗಾರ್ಡ್‌ನ ಹೆಸರಿನ ಮುಂದೆ ದಾಖಲಾಗಿದ್ದವು. ಆಕೆಯನ್ನು ಕೂರಿಸಿ ಆ ತುಣುಕುಗಳನ್ನು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಆಕೆ, "ಮೇಡಂ, ನಾನು ಪಾಸ್ ಬಿಟ್ಟಾಗ ಅವಳು ಅಲ್ಲೇ ನಿಂತಿದ್ದಾಳೆ ನೋಡಿ. ಚೆಂಡು ತನ್ನ ಹತ್ತಿರ ಬರಲಿ ಅಂತ ಕಾಯ್ತಾಳೆ, ಅವರ ಹುಡುಗಿ ಕಾಯೋದಿಲ್ಲ," ಎಂದಳು. ಆಕೆಯ ಮಾತು ಸರಿಯಾಗಿತ್ತು. ತುಣುಕುಗಳನ್ನು ಮತ್ತೆ ಹಾಕಿ ಈ ಬಾರಿ ಪಾಸ್ ಕೊಟ್ಟವಳನ್ನು ಬಿಟ್ಟು ಪಡೆಯಬೇಕಾದವಳನ್ನೇ ಗಮನಿಸಿದೆವು. ಹೆಚ್ಚಿನವುಗಳಲ್ಲಿ ಪಡೆಯುವವಳು ಚೆಂಡಿನ ಕಡೆಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಹಿಡಿದ ಮೇಲೂ ಕಾಲು ಒಂದರ ಹಿಂದೊಂದು ಬಿದ್ದು ಸಮತೋಲನ ತಪ್ಪುತ್ತಿತ್ತು. ರಕ್ಷಕಿ ಮೈಮೇಲೆ ಬಂದೊಡನೆ ಬೆನ್ನು ತಿರುಗಿಸಿ, ಅಂಕಣವನ್ನೇ ನೋಡದೆ ಕುರುಡು ಪಾಸ್ ಎಸೆಯುತ್ತಿದ್ದರು. ದಾಖಲೆ ಇಡುವ ಪದ್ಧತಿಯೇ ಪಾಸ್ ಕೊಟ್ಟವಳ ಮೇಲೆ ಹೊರೆ ಹೊರಿಸುತ್ತದೆ ಎಂಬುದನ್ನು ತಿಳಿದಿರದ ತರಬೇತುದಾರರು ಒಳ್ಳೆಯ ಪಾಯಿಂಟ್ ಗಾರ್ಡ್‌ನ ಧೈರ್ಯ ಕೆಡಿಸಿಬಿಡಬಲ್ಲರು. ಅಂದಿನಿಂದ ನಮ್ಮ ಒಳಗಿನ ದಾಖಲೆಯಲ್ಲಿ ಪ್ರತಿ ಟರ್ನ್‌ಓವರ್‌ನ ಎದುರು ಇಬ್ಬರ ಹೆಸರನ್ನೂ ಬರೆಯತೊಡಗಿದೆವು.

ಈ ಎಲ್ಲವನ್ನೂ ಮುಖ್ಯ ತರಬೇತುದಾರರ ಮುಂದಿಟ್ಟಾಗ ನನ್ನ ಸಲಹೆ ಮೂರೇ ವಿಷಯಗಳಿಗೆ ಸೀಮಿತವಾಗಿತ್ತು: ಆಟ ನಿಲ್ಲದೆಯೇ ಚೆಂಡು ಕೈತಪ್ಪುವುದನ್ನು ತಗ್ಗಿಸುವುದು, ಚೆಂಡು ಹೋದಾಗ ಬೇಗ ಹಿಂದಿರುಗಿ ರಕ್ಷಣೆಗೆ ನಿಲ್ಲುವುದು, ನಮ್ಮ ಬುಟ್ಟಿಯ ಕೆಳಗಿನ ರಿಬೌಂಡ್ ಬಿಡದಿರುವುದು. ಹೊಸ ಆಕ್ರಮಣದ ನಡೆಗಳು ಬೇಡ, ಎದುರಾಳಿಯ ಬದಲು ಜಾಗವನ್ನು ಕಾಯುವ ಝೋನ್ ರಕ್ಷಣೆಯ ಹೊಸ ರೂಪ ಬೇಡ, ಯಾರ ಶಾಟ್‌ನ ಶೈಲಿಯನ್ನೂ ಈಗ ಮುಟ್ಟುವುದು ಬೇಡ ಎಂದೂ ಬರೆದಿದ್ದೆ. ಅವರು ಎರಡು ವಿಷಯಗಳಲ್ಲಿ ಒಪ್ಪಲಿಲ್ಲ. ಫ್ರೀ ಥ್ರೋ ಸೇರಲೇಬೇಕೆಂದರು. ಬಿಗಿ ಪಂದ್ಯಗಳ ಕೊನೆಯ ನಿಮಿಷಗಳನ್ನು ಹತ್ತಿರದಿಂದ ಕಂಡವರಾದ್ದರಿಂದ ಅವರ ಮಾತಿಗೆ ತೂಕವಿತ್ತು, ಸೇರಿಸಿದೆವು. ಫುಲ್ ಕೋರ್ಟ್ ಪ್ರೆಸ್ ಕಲಿಸಬೇಕೆಂಬ ಅವರ ಇನ್ನೊಂದು ಆಸೆಗೆ ನಾನು ಒಪ್ಪಲಿಲ್ಲ. ಹಿಂದಿರುಗಿ ಓಡುವುದನ್ನೇ ಇನ್ನೂ ಕಲಿಯುತ್ತಿರುವ ತಂಡ ಅಂಕಣದ ಉದ್ದಕ್ಕೂ ಒತ್ತಡ ಹಾಕಲು ಹೊರಟರೆ, ಪ್ರೆಸ್ ಒಡೆದಾಗಲೆಲ್ಲ ಹಿಂದೆ ಯಾರೂ ಇರುವುದಿಲ್ಲ. ಬಹಳ ಹೊತ್ತು ಚರ್ಚಿಸಿದ ಮೇಲೆ ಅದನ್ನು ಮುಂದಿನ ವರ್ಷಕ್ಕೆ ಬಿಡಲು ಅವರು ಸಮ್ಮತಿಸಿದರು.

ಅಭ್ಯಾಸವನ್ನು ಹೊಸದಾಗಿ ಹೊಂದಿಸುವಾಗ ಮೊದಲು ಮಾಡಿದ್ದು ಅವಧಿಯನ್ನು ಕಡಿಮೆ ಮಾಡಿದ್ದು. ಸಾಲಿನಲ್ಲಿ ನಿಂತು ಸರದಿ ಕಾಯುವ ಡ್ರಿಲ್‌ಗಳನ್ನು ಪೂರ್ತಿಯಾಗಿ ತೆಗೆದುಹಾಕಿದೆವು. ಅವುಗಳ ಜಾಗದಲ್ಲಿ ಮೂವರಿಗೆ ಮೂವರು, ನಾಲ್ವರಿಗೆ ನಾಲ್ವರು ಆಡುವ ಚಿಕ್ಕ ಆಟಗಳು ಬಂದವು. ಮೊದಲಿನದು, ಡ್ರಿಬಲ್ ಇಲ್ಲದ ಮೂವರ ಆಟ. ಡ್ರಿಬಲ್ ಮಾಡುವಂತಿಲ್ಲ ಎಂದಾದೊಡನೆ ಚೆಂಡಿಲ್ಲದ ಇಬ್ಬರು ಚಲಿಸಲೇಬೇಕು, ಪಾಸ್ ಪಡೆಯುವವಳು ಎದುರು ಬರಲೇಬೇಕು, ಹಿಡಿದವಳು ಎರಡೂ ಕಾಲುಗಳ ಮೇಲೆ ನಿಂತು ಒಂದು ಕಾಲನ್ನು ಊರಿಕೊಂಡೇ ಪಿವಟ್ ತಿರುಗಿ ಬುಟ್ಟಿಯತ್ತ ಮುಖ ಮಾಡಲೇಬೇಕು. ಬೋರ್ಡಿನ ಮುಂದೆ ನಿಂತು ಗಂಟೆಗಟ್ಟಲೆ ಹೇಳಿದರೂ ಮೈಗೆ ಹತ್ತದ ಈ ಮೂರು ಅಭ್ಯಾಸಗಳನ್ನು ಆ ಆಟದ ನಿಯಮವೇ ಕಲಿಸಿತು. ಆರಂಭದಲ್ಲಿ ಗೊಂದಲವೋ ಗೊಂದಲ. ಚೆಂಡು ಹಿಡಿದು ಐದು ಸೆಕೆಂಡ್ ಕಳೆದರೂ ಪಾಸ್ ಕೊಡಲು ಯಾರೂ ಸಿಗುತ್ತಿರಲಿಲ್ಲ. ಕ್ರಮೇಣ, ರಕ್ಷಕಿ ಪಾಸ್‌ನ ದಾರಿಗೆ ಅಡ್ಡ ಬಂದರೆ ಅವಳ ಬೆನ್ನ ಹಿಂದಿನಿಂದ ಬುಟ್ಟಿಯತ್ತ ಓಡುವುದು ಯಾರೂ ಹೇಳಿಕೊಡದೆಯೇ ಬಂತು. ಪಂದ್ಯದಲ್ಲಿ ರೆಕ್ಕೆಯ ಮೊದಲ ಪಾಸ್ ಮುಚ್ಚಿಹೋದಾಗ ನಮಗೆ ಬೇಕಿದ್ದ ಉತ್ತರ ಅದೇ.

ಒತ್ತಡದ ಎದುರು ಚೆಂಡು ಮೇಲೆ ತರುವುದಕ್ಕೆ ನಾವು ಕಲಿಸಿದ್ದು ಒಂದೇ ವ್ಯವಸ್ಥೆ. ಒಬ್ಬಳು ಹಿಂದೆ ಸುರಕ್ಷಿತ ಪಾಸ್‌ಗಾಗಿ, ಒಬ್ಬಳು ಪಕ್ಕದ ಗೆರೆಯ ಬಳಿ, ಇನ್ನೊಬ್ಬಳು ಅಂಕಣದ ನಡುವೆ. ಕೊನೆಯವಳು ದೂರದ ಬುಟ್ಟಿಯ ಬಳಿ. ನಡುವಿನಲ್ಲಿ ಎತ್ತರದ ಫಾರ್ವರ್ಡ್ ಇರಬೇಕೆಂದು ನಿರ್ಧರಿಸಿದೆವು, ಏಕೆಂದರೆ ಇಬ್ಬರು ಮುತ್ತಿಕೊಂಡಾಗ ಆಕೆಯ ಕೈಗೆ ತಲೆಯ ಮೇಲಿನಿಂದ ಪಾಸ್ ತಲುಪಿಸಬಹುದು. ಇದನ್ನು ಐವರ ಎದುರು ಏಳು ರಕ್ಷಕಿಯರನ್ನು ಬಿಟ್ಟು ಅಭ್ಯಾಸ ಮಾಡಿಸಿದೆವು. ಏಳು ಮಂದಿಯ ಎದುರು ಚೆಂಡು ದಾಟಿಸಿದವರಿಗೆ ಪಂದ್ಯದ ಐವರು ಭಯ ಹುಟ್ಟಿಸುವುದಿಲ್ಲ. ಈ ಡ್ರಿಲ್‌ನಲ್ಲಿ ಬೆಂಚ್‌ನ ಆಟಗಾರ್ತಿಯರಿಗೂ ನಿಜವಾದ ಕೆಲಸ ಸಿಕ್ಕಿತು, ಅದೂ ನನಗೆ ಮುಖ್ಯವಾಗಿತ್ತು. ಸೀಸನ್ ನಡುವೆ ಅಭ್ಯಾಸದ ಗುಣಮಟ್ಟವನ್ನು ಎತ್ತರದಲ್ಲಿಡುವವರು ಪಂದ್ಯದಲ್ಲಿ ಹೆಚ್ಚು ಆಡದ ಈ ಹುಡುಗಿಯರೇ. ಅವರ ಉತ್ಸಾಹ ಕುಂದಿದರೆ ಮೊದಲ ಐವರು ಯಾರ ಎದುರು ಹದಗೊಳ್ಳಬೇಕು?

ಹಿಂದಿರುಗುವ ರಕ್ಷಣೆಯ ಬಗ್ಗೆ ಇರುವ ಹಳೆಯ ಪ್ರಶ್ನೆ ಇದು: ನಮ್ಮವರು ಶಾಟ್ ಹೊಡೆದಾಗ ಎಷ್ಟು ಮಂದಿ ರಿಬೌಂಡ್‌ಗೆ ನುಗ್ಗಬೇಕು, ಎಷ್ಟು ಮಂದಿ ಹಿಂದಕ್ಕೆ ಓಡಬೇಕು? ಈಚಿನ ವರ್ಷಗಳಲ್ಲಿ ಕೆಲವು ತಂಡಗಳು ಐವರನ್ನೂ ಎದುರಾಳಿಯ ಬೆನ್ನಿಗೆ ಅಂಟಿಕೊಂಡು ರಿಬೌಂಡ್‌ಗೆ ಹೋಗುವಂತೆ ಮಾಡಿ, ಚೆಂಡು ಎದುರಾಳಿಗೆ ಸಿಕ್ಕರೂ ಅವರು ಓಟ ಆರಂಭಿಸದಂತೆ ಅಲ್ಲೇ ತಡೆಯುತ್ತವೆ. ಅದು ಚೆಂದದ ಪದ್ಧತಿ, ಆದರೆ ಐವರೂ ಒಂದೇ ಕ್ಷಣಕ್ಕೆ ಒಂದೇ ರೀತಿ ಯೋಚಿಸಬೇಕು. ನಾವು ಸರಳವಾದದ್ದನ್ನು ಆರಿಸಿದೆವು: ಮೂವರು ರಿಬೌಂಡ್‌ಗೆ, ಪಾಯಿಂಟ್ ಗಾರ್ಡ್ ಶಾಟ್ ಕೈಬಿಟ್ಟ ತಕ್ಷಣ ಮಧ್ಯರೇಖೆಯತ್ತ, ಐದನೆಯವಳು ಫ್ರೀ ಥ್ರೋ ಗೆರೆಯ ಮೇಲ್ಭಾಗದಲ್ಲಿ ಉದ್ದಕ್ಕೆ ಪುಟಿದ ಚೆಂಡಿಗಾಗಿ ಕಾಯುತ್ತಾ. ದೂರದಿಂದ ಹೊಡೆದ ಶಾಟ್ ತಪ್ಪಿದರೆ ಚೆಂಡು ದೂರಕ್ಕೇ ಪುಟಿಯುವುದು ಹೆಚ್ಚು, ಆದ್ದರಿಂದ ಆ ಐದನೆಯವಳ ಜಾಗ ವ್ಯರ್ಥವಲ್ಲ.

ಹಿಂದಕ್ಕೆ ಓಡುವವರಿಗೆ ಕಲಿಸಿದ ಕ್ರಮವೂ ಮೂರೇ ಹಂತದ್ದು. ಮೊದಲು ಬುಟ್ಟಿಯನ್ನು ಕಾಯಬೇಕು, ನಂತರ ಚೆಂಡನ್ನು ನಿಲ್ಲಿಸಬೇಕು, ಆಮೇಲೆ ತಮ್ಮ ತಮ್ಮ ಎದುರಾಳಿಯನ್ನು ಹುಡುಕಿಕೊಳ್ಳಬೇಕು. ನಮ್ಮವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಿದ್ದರು. ಪ್ರತಿಯೊಬ್ಬಳೂ ತನಗೆ ವಹಿಸಿದ ಎದುರಾಳಿ ಎಲ್ಲಿದ್ದಾಳೆಂದು ಹುಡುಕುತ್ತಿರುವಾಗ ಚೆಂಡು ಹಿಡಿದವಳು ನಡುವಿನಿಂದ ನೇರವಾಗಿ ಬುಟ್ಟಿಯವರೆಗೆ ಹೋಗುತ್ತಿದ್ದಳು. ಇದಕ್ಕೊಂದು ಕಾರಣ ಮೌನ. ನಮ್ಮ ತಂಡ ಅಂಕಣದಲ್ಲಿ ಮಾತಾಡುತ್ತಲೇ ಇರಲಿಲ್ಲ. "ಬಾಲ್ ನಂದು", "ನಾನು ಹಿಂದಿದ್ದೀನಿ", "ಸ್ಕ್ರೀನ್ ಎಡಕ್ಕೆ" ಎಂಬ ಮೂರು ಕೂಗುಗಳನ್ನು ಕಡ್ಡಾಯ ಮಾಡಿ, ಕೂಗದಿದ್ದರೆ ಆ ಪೊಸೆಷನ್ ಸೋತಂತೆಯೇ ಲೆಕ್ಕ ಎಂದೆವು. ಸಂಕೋಚದ ಸ್ವಭಾವದ ಹುಡುಗಿಯರಿಗೆ ಇದು ಓಟಕ್ಕಿಂತ ಕಷ್ಟವಾಯಿತು. ಆದರೂ ಬಿಡಲಿಲ್ಲ, ಏಕೆಂದರೆ ರಕ್ಷಣೆಯಲ್ಲಿ ಹಿಂದೆ ನಿಂತವಳಿಗೆ ಮಾತ್ರ ಪೂರ್ತಿ ಅಂಕಣ ಕಾಣುತ್ತದೆ. ಆಕೆ ಸುಮ್ಮನಿದ್ದರೆ ಮುಂದಿನ ನಾಲ್ವರಿಗೆ ಬೆನ್ನ ಹಿಂದಿನದು ತಿಳಿಯುವ ದಾರಿಯೇ ಇಲ್ಲ.

ರಿಬೌಂಡ್ ಬಗ್ಗೆ ಹೇಳುವುದು ಕಡಿಮೆ, ಮಾಡುವುದು ಹೆಚ್ಚು. ನಮ್ಮ ಎತ್ತರದವರು ಬಾಕ್ಸ್ ಔಟ್ ಮಾಡುತ್ತಿದ್ದರು, ಅಂದರೆ ಎದುರಾಳಿಯನ್ನು ಬೆನ್ನಿನಿಂದ ತಡೆದು ಚೆಂಡಿನಿಂದ ದೂರವಿಡುತ್ತಿದ್ದರು. ಮಾಡದವರು ಗಾರ್ಡ್‌ಗಳು. ಶಾಟ್ ಹೋದೊಡನೆ ಅವರು ಚೆಂಡನ್ನು ನೋಡುತ್ತಾ ನಿಲ್ಲುತ್ತಿದ್ದರು, ಹೊರಗಿನಿಂದ ಓಡಿಬಂದ ಎದುರಾಳಿ ಗಾರ್ಡ್ ಅವರ ಪಕ್ಕದಿಂದಲೇ ನುಸುಳಿ ಚೆಂಡು ಹಿಡಿಯುತ್ತಿದ್ದಳು. ಶಾಟ್ ರಿಂಗ್‌ಗೆ ತಾಗಿ ಆಕ್ರಮಣದವರಿಗೇ ಮರಳಿ ಸಿಕ್ಕರೆ ಶಾಟ್ ಕ್ಲಾಕ್ 14 ಸೆಕೆಂಡ್‌ಗೆ ಮರುಹೊಂದಿಸಲ್ಪಡುತ್ತದೆ. ಇಪ್ಪತ್ತು ಸೆಕೆಂಡ್ ಚೆನ್ನಾಗಿ ರಕ್ಷಿಸಿದ ತಂಡ ಮತ್ತೆ 14 ಸೆಕೆಂಡ್ ರಕ್ಷಿಸಬೇಕಾಗಿ ಬರುವಷ್ಟು ಮನಸ್ಸು ಕುಗ್ಗಿಸುವ ಸಂಗತಿ ಈ ಆಟದಲ್ಲಿ ಕಡಿಮೆ. ಗಾರ್ಡ್‌ಗಳಿಗೆ ಹೇಳಿದ್ದಿಷ್ಟೇ: ಚೆಂಡು ಗಾಳಿಯಲ್ಲಿರುವಾಗ ಮೊದಲು ನಿನ್ನ ಎದುರಾಳಿಯನ್ನು ಮುಟ್ಟು, ಆಮೇಲೆ ಚೆಂಡು ನೋಡು. ಅಭ್ಯಾಸದ ಆಟಗಳಲ್ಲಿ ಬುಟ್ಟಿಗೆ ಒಂದು ಅಂಕ, ಆಕ್ರಮಣದ ರಿಬೌಂಡ್‌ಗೆ ಎರಡು ಅಂಕ ಎಂದು ಲೆಕ್ಕ ಬದಲಿಸಿದ ಮೇಲೆ ವಿವರಣೆಯ ಅಗತ್ಯವೇ ಬೀಳಲಿಲ್ಲ.

ಫೌಲ್‌ಗಳ ಸಂಖ್ಯೆ ಇದರಿಂದಲೇ ತಗ್ಗಿತು, ಅದಕ್ಕಾಗಿ ಬೇರೆ ಅಭ್ಯಾಸ ಮಾಡಿಸಲಿಲ್ಲ. ತಡವಾಗಿ ತಲುಪಿದವಳೇ ಕೈ ಚಾಚುತ್ತಾಳೆ. ಮೊದಲೇ ಜಾಗ ಹಿಡಿದವಳಿಗೆ ಆ ಅಗತ್ಯ ಬರುವುದಿಲ್ಲ. ಒಂದು ಕ್ವಾರ್ಟರ್‌ನಲ್ಲಿ ತಂಡದ ನಾಲ್ಕು ಫೌಲ್ ಮುಗಿದ ಮೇಲೆ ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ ಸಿಗುತ್ತವೆ. ಮೊದಲೆಲ್ಲ ಆ ಸ್ಥಿತಿಗೆ ನಾವು ಕ್ವಾರ್ಟರ್‌ನ ಅರ್ಧದಲ್ಲೇ ತಲುಪುತ್ತಿದ್ದೆವು.

ಫ್ರೀ ಥ್ರೋ ವಿಷಯದಲ್ಲಿ ಮುಖ್ಯ ತರಬೇತುದಾರರ ಒತ್ತಾಯ ನನಗೂ ಒಂದು ಪಾಠ ಕಲಿಸಿತು. ಅಮೆರಿಕದ ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಫ್ರೀ ಥ್ರೋ ಯಶಸ್ಸಿನ ಪ್ರಮಾಣ 1960ರ ದಶಕದಿಂದ ದಶಕಗಳ ಕಾಲ ಶೇ 69ರ ಆಸುಪಾಸಿನಲ್ಲೇ ಉಳಿದಿತ್ತು. ಆಟದ ಉಳಿದದ್ದೆಲ್ಲ ಬದಲಾದರೂ ಇದು ಬದಲಾಗಲಿಲ್ಲ. ಹಾಗಿರುವಾಗ ಸೀಸನ್ ನಡುವೆ ಇದರಲ್ಲಿ ದೊಡ್ಡ ಜಿಗಿತ ನಿರೀಕ್ಷಿಸುವುದು ಸರಿಯಲ್ಲ ಎಂದು ನಾನು ವಾದಿಸಿದ್ದೆ. ಅವರು ಜಿಗಿತ ಕೇಳಲಿಲ್ಲ, ಅಭ್ಯಾಸದ ರೀತಿ ಬದಲಿಸಲು ಹೇಳಿದರು. ಒಂದೇ ಕಡೆ ನಿಂತು ಸಾಲಾಗಿ ಐವತ್ತು ಎಸೆಯುವುದನ್ನು ಬಿಟ್ಟು, ಕಠಿಣ ಡ್ರಿಲ್‌ಗಳ ನಡುನಡುವೆ ಏದುಸಿರು ಬಿಡುತ್ತಿರುವಾಗಲೇ ಎರಡೆರಡು ಎಸೆಯುವುದು, ಉಳಿದವರು ಸುತ್ತ ನಿಂತು ನೋಡುವುದು. ಪಂದ್ಯದಲ್ಲಿ ಫ್ರೀ ಥ್ರೋ ಬರುವುದೇ ಹಾಗೆ. ಪ್ರತಿಯೊಬ್ಬಳೂ ತನ್ನದೇ ಒಂದು ಕ್ರಮ ಕಟ್ಟಿಕೊಂಡಳು: ಇಷ್ಟು ಬಾರಿ ಚೆಂಡು ಪುಟಿಸುವುದು, ಒಂದು ಉಸಿರು, ರಿಂಗ್‌ನ ಹಿಂಬದಿಯ ಅಂಚಿನ ಮೇಲೆ ಕಣ್ಣು. ನಿಯಮ ಕೊಡುವ ಐದು ಸೆಕೆಂಡ್ ಇದಕ್ಕೆ ಧಾರಾಳವಾಗಿ ಸಾಕು.

ಪಂದ್ಯದ ಕೊನೆಯ ಎರಡು ನಿಮಿಷಗಳಿಗೂ ಪ್ರತಿ ಅಭ್ಯಾಸದ ಕೊನೆಯಲ್ಲಿ ಸ್ವಲ್ಪ ಹೊತ್ತು ಮೀಸಲಿಟ್ಟೆವು. ನಾಲ್ಕನೆಯ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷಗಳಲ್ಲಿ, ಅಂಕಣದ ಹಿಂದಿನ ಅರ್ಧದಿಂದ ಚೆಂಡು ಒಳಗೆ ಹಾಕಬೇಕಾದ ತಂಡ ಟೈಮ್ ಔಟ್ ತೆಗೆದುಕೊಂಡರೆ ಅದನ್ನು ಮುಂದಿನ ಅರ್ಧದಿಂದ ಹಾಕಲು ಆರಿಸಿಕೊಳ್ಳಬಹುದು, ಆದರೆ ಆಗ ಶಾಟ್ ಕ್ಲಾಕ್‌ನಲ್ಲಿ ಹೆಚ್ಚೆಂದರೆ 14 ಸೆಕೆಂಡ್ ಇರುತ್ತದೆ. ಮುಂದಿದ್ದರೆ ಯಾವುದನ್ನು ಆರಿಸಬೇಕು, ಹಿಂದಿದ್ದರೆ ಯಾವುದು ಎಂಬುದು ಆಟಗಾರ್ತಿಯರಿಗೂ ಗೊತ್ತಿರಬೇಕು. ನಾಯಕಿಗೆ ಈ ಆಯ್ಕೆಯನ್ನು ಅಭ್ಯಾಸದಲ್ಲಿ ಆಕೆಯೇ ಮಾಡುವಂತೆ ಬಿಟ್ಟೆವು.

ದೇಹದ ಮಾತು ಬಿಟ್ಟರೆ ಈ ಕಥನ ಅಪೂರ್ಣವಾಗುತ್ತದೆ. ನೆಗೆಯುವ, ಥಟ್ಟನೆ ತಿರುಗುವ ಆಟಗಳಲ್ಲಿ ಮಂಡಿಯೊಳಗಿನ ಎಸಿಎಲ್ ಅಸ್ಥಿರಜ್ಜು ಹರಿಯುವ ಸಂಭವ ಮಹಿಳೆಯರಲ್ಲಿ ಪುರುಷರಿಗಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ವಾರ್ಮ್ ಅಪ್ ಎಂದರೆ ಅಂಕಣದ ಸುತ್ತ ಓಟ ಎಂಬ ರೂಢಿಯನ್ನು ಕೈಬಿಟ್ಟು, ನೆಗೆದು ಮೃದುವಾಗಿ ಇಳಿಯುವುದು, ಇಳಿದಾಗ ಮಂಡಿ ಒಳಕ್ಕೆ ಬಾಗದಂತೆ ನೋಡಿಕೊಳ್ಳುವುದು, ಒಂಟಿ ಕಾಲಿನ ಸಮತೋಲನ, ಇವುಗಳನ್ನು ಪ್ರತಿ ದಿನದ ಆರಂಭಕ್ಕೆ ತಂದೆವು. ಎರಡೂ ಕಾಲುಗಳ ಮೇಲೆ ನಿಂತು ಪಾಸ್ ಹಿಡಿಯುವ ಅಭ್ಯಾಸಕ್ಕೂ ಇದು ನೇರವಾಗಿ ನೆರವಾಯಿತು. ಪಂದ್ಯದ ಮರುದಿನ ಹೆಚ್ಚು ಆಡಿದವರಿಗೆ ಓಟವಿಲ್ಲ, ವಿಡಿಯೋ ಮತ್ತು ಹಗುರ ಶೂಟಿಂಗ್ ಮಾತ್ರ. ಕಡಿಮೆ ಆಡಿದವರಿಗೆ ಪೂರ್ಣ ಅಭ್ಯಾಸ. ಡೀನ್ ಸ್ಮಿತ್ ಅವರಿಂದ ಇನ್ನೊಂದು ರೂಢಿಯನ್ನೂ ಪಡೆದುಕೊಂಡೆವು. ಅವರ ತಂಡದಲ್ಲಿ ದಣಿದ ಆಟಗಾರ ಮುಷ್ಟಿ ಎತ್ತಿ ತಾನೇ ಹೊರಬರಲು ಕೇಳಬಹುದಿತ್ತು, ಸುಧಾರಿಸಿಕೊಂಡ ಮೇಲೆ ತಾನೇ ಮರಳಬಹುದಿತ್ತು. ನಮ್ಮ ಹುಡುಗಿಯರಿಗೆ ಇದನ್ನು ನಂಬಲು ಸಮಯ ಹಿಡಿಯಿತು. "ಹೊರಗೆ ಬಂದ್ರೆ ಮತ್ತೆ ಒಳಗೆ ಬಿಡ್ತೀರಾ, ಮೇಡಂ?" ಎಂದು ನಮ್ಮ ಸೆಂಟರ್ ಕೇಳಿದ ಪ್ರಶ್ನೆಯಲ್ಲಿ ಎಷ್ಟೋ ವರ್ಷಗಳ ಅಂಜಿಕೆ ಇತ್ತು. ಮೊದಲ ಬಾರಿ ಮುಷ್ಟಿ ಎತ್ತಿದ ಆಕೆಯನ್ನು ಮುಖ್ಯ ತರಬೇತುದಾರರು ಕೇಳಿದ ಕ್ಷಣಕ್ಕೇ ಮರಳಿ ಕಳಿಸಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ದಣಿದ ಕಾಲುಗಳು ಹಿಂದಕ್ಕೆ ಓಡುವುದಿಲ್ಲ. ಮೂರನೆಯ ಕ್ವಾರ್ಟರ್‌ನ ಕುಸಿತದಲ್ಲಿ ಇದರ ಪಾಲೂ ಇದ್ದಿತು.

ಎರಡನೆಯ ಸುತ್ತಿನ ಆರಂಭದ ಪಂದ್ಯಗಳಲ್ಲಿ ಬದಲಾವಣೆ ಅಂಕಪಟ್ಟಿಯಲ್ಲಿ ಕಾಣಲಿಲ್ಲ, ವಿಡಿಯೋದಲ್ಲಿ ಕಂಡಿತು. ಚೆಂಡು ಕಳೆದುಕೊಳ್ಳುವುದು ನಿಲ್ಲಲಿಲ್ಲ, ಆದರೆ ಎದುರಾಳಿಯ ಕೈಗೆ ನೇರವಾಗಿ ಹೋಗುವುದು ತಗ್ಗಿ, ಗೆರೆ ದಾಟಿ ಹೋಗುವುದು ಹೆಚ್ಚಾಯಿತು. ಅದೂ ಪ್ರಗತಿಯೇ ಎಂದು ಆಟಗಾರ್ತಿಯರಿಗೆ ವಿವರಿಸಬೇಕಾಯಿತು. ನಂತರದ ಪಂದ್ಯಗಳಲ್ಲಿ ನಮ್ಮ ಆಕ್ರಮಣ ಶಾಟ್ ಕ್ಲಾಕ್‌ನಲ್ಲಿ ಹದಿನೈದು ಸೆಕೆಂಡ್‌ಗಿಂತ ಹೆಚ್ಚು ಉಳಿದಿರುವಾಗಲೇ ಶುರುವಾಗತೊಡಗಿತು, ಬೆನ್ನ ಹಿಂದಿನಿಂದ ಓಡಿ ಪಡೆದ ಲೇಅಪ್‌ಗಳು ಬಂದವು, ಅದರ ಹಿಂದೆಯೇ ಶೂಟಿಂಗ್ ಪ್ರಮಾಣವೂ ಏರಿತು. ಯಾರ ಶೈಲಿಯನ್ನೂ ನಾವು ಮುಟ್ಟಿರಲಿಲ್ಲ. ಫಾಸ್ಟ್ ಬ್ರೇಕ್‌ನಲ್ಲಿ, ಅಂದರೆ ಎದುರಾಳಿಯ ದಿಢೀರ್ ಓಟದ ದಾಳಿಯಲ್ಲಿ ಬಿಟ್ಟುಕೊಡುವ ಅಂಕಗಳು ಕಡಿಮೆಯಾದವು. ಫ್ರೀ ಥ್ರೋ ಸ್ವಲ್ಪವಷ್ಟೇ ಸುಧಾರಿಸಿತು. ಬಲಿಷ್ಠ ಸೆಂಟರ್ ಇರುವ ತಂಡಗಳ ಎದುರು ರಿಬೌಂಡ್‌ನಲ್ಲಿ ಈಗಲೂ ಹಿಂದೆ ಬೀಳುತ್ತೇವೆ. ಅದು ಮೈಬಲದ ಪ್ರಶ್ನೆ, ತಿಂಗಳುಗಟ್ಟಲೆ ತೂಕ ಎತ್ತದೆ ಬರುವಂಥದ್ದಲ್ಲ.

ಹೀಗೆ ಕೈಬಿಟ್ಟ ವಿಷಯಗಳನ್ನೆಲ್ಲ ಒಂದು ಪ್ರತ್ಯೇಕ ಕಡತದಲ್ಲಿ ಬರೆದಿಟ್ಟಿದ್ದೇನೆ: ಇಬ್ಬರು ಫಾರ್ವರ್ಡ್‌ಗಳ ಶಾಟ್ ಶೈಲಿ, ಬಹುತೇಕರ ಎಡಗೈ ಲೇಅಪ್, ಬಲವರ್ಧನೆ, ಫುಲ್ ಕೋರ್ಟ್ ಪ್ರೆಸ್. ಪಾಯಿಂಟ್ ಗಾರ್ಡ್‌ಗೆ ಬದಲಿಯಾಗಿ ಇನ್ನೊಬ್ಬಳನ್ನು ಬೆಳೆಸುವ ಯೋಜನೆ ಅದರಲ್ಲಿ ಎಲ್ಲಕ್ಕಿಂತ ಮೇಲಿದೆ, ಏಕೆಂದರೆ ಆಕೆ ಬೆಂಚಿಗೆ ಬಂದಾಗಲೆಲ್ಲ ನಾವು ಇಷ್ಟು ದಿನ ತಿದ್ದಿದ ಮೊದಲ ಪಾಸ್ ಮತ್ತೆ ಅಲ್ಲಾಡುತ್ತದೆ. ಆ ಕೆಲಸವನ್ನು ಲೀಗ್‌ನ ಕೊನೆಯ ಪಂದ್ಯ ಮುಗಿದ ಮೇಲೆ, ಪರೀಕ್ಷೆಗಳು ಕಳೆದ ತಕ್ಷಣ ಕೈಗೆತ್ತಿಕೊಳ್ಳುವುದೆಂದು ಮುಖ್ಯ ತರಬೇತುದಾರರೂ ನಾನೂ ಒಪ್ಪಿದ್ದೇವೆ.